ಒಂಬತ್ತು ಕಲ್ಲಿನ ದಾರಿ

“ಯಾಕೂಬಸಾಬರ, ನಿಮ್ಮ ಚೀಲ ತರ್ರಿ” ಎಂದು ಮತೀನ ಕರೆದಾಗ, ಆ ಹೆಸರಿನವರು ಬೇರೆ ಯಾರೋ ಇದ್ದಾರೇನೋ ಎಂಬಂತೆ ಯಾಕೂಬಸಾಬ ಒಂದು ಗಳಿಗೆ ಹಿಂದೆ ತಿರುಗಿ ನೋಡಿದ. ಮಗ ತನ್ನನ್ನು ಹೆಸರು ಹಿಡಿದು ಕರೆಯುವುದು ನಿನ್ನೆ ಬಾದಾಮಿಯಲ್ಲಿ ನಡಿಗೆ ಶುರುವಾದಾಗಿನಿಂದ ನಡೆದೇ ಇತ್ತು. ಬಾದಾಮಿಯಿಂದ ಐಹೊಳೆಯವರೆಗೆ ಗುಡ್ಡದ ಮೇಲೇ ನಾಲ್ಕು ದಿನ. ಗುಡ್ಡದ ಮೇಲೆ ಎಲ್ಲರೂ ಒಂದೇ, ಇಲ್ಲಿ ಸಾಹೇಬರೂ ಇಲ್ಲ, ಅಬ್ಬಾನೂ ಇಲ್ಲ ಎಂದು ನಡಿಗೆ ಮಾಡಿಸುವ ಮತೀನ ಮೊದಲೇ ಎಲ್ಲರೆದುರು ಹೇಳಿಬಿಟ್ಟಿದ್ದ. ಮಂದಿ ನಕ್ಕಿದ್ದರು, ಯಾಕೂಬಸಾಬನೂ ನಕ್ಕಿದ್ದ. ಮನೆಯಲ್ಲಿ ತಂದೆ ಮಗನ ಮಾತು ಉರ್ದುವಿನಲ್ಲಿ. ಇಲ್ಲಿ ಮತೀನ ಕನ್ನಡದಲ್ಲಿ, ಹಣ ಕೊಟ್ಟು ಬಂದವರಿಗೆ ಹಚ್ಚುವ ‘ರಿ’ಯನ್ನೇ ತಂದೆಗೂ ಹಚ್ಚಿ ಮಾತಾಡುತ್ತಿದ್ದ. ಆ ಮರ್ಯಾದೆ ಬೆಳಗಿನ ಕಲ್ಲಿನ ಹಾಗೆ ಕೈಗೆ ತಣ್ಣಗೆ ಹತ್ತುತ್ತಿತ್ತು. ರಾತ್ರಿ ಮಲಗಿದ್ದ ಹಳ್ಳಿಯ ಶಾಲೆಯ ಕಟ್ಟೆಯ ಮೇಲೆ ಎಂಟು ಜನ ತಮ್ಮ ತಮ್ಮ ಚೀಲ ಮುಂದಿಟ್ಟುಕೊಂಡು ನಿಂತಿದ್ದರು. ಮತೀನ ಒಂದೊಂದನ್ನೂ ಒಂದೇ ಕೈಯಲ್ಲಿ ಎತ್ತಿ ತೂಗಿ ನೋಡಿ, ಹ್ಞೂಂ ಎಂದು ಮುಂದೆ ಹೋಗುತ್ತಿದ್ದ. ತಂದೆಯ ಚೀಲವನ್ನು ಎತ್ತಿದವನು ಕೆಳಗಿಡಲಿಲ್ಲ. ಜಿಪ್ಪು ಎಳೆದು ಒಂದೊಂದೇ ಸಾಮಾನನ್ನು ಕಟ್ಟೆಯ ಮೇಲೆ ಇಡತೊಡಗಿದ. ಎರಡು ಬನಿಯನ್ನು, ಚಡ್ಡಿ, ಹೆಂಡತಿ ಲಾಡಬಿ ಕಟ್ಟಿಕೊಟ್ಟಿದ್ದ ಕಟಕ್ ರೊಟ್ಟಿಯ ಗಂಟು, ಶೇಂಗಾ ಹಿಂಡಿಯ ಡಬ್ಬಿ, ಮೂತ್ರದ ತೊಂದರೆಯ ಗುಳಿಗೆಯ ಹಾಳೆ, ಮತ್ತು ಎಲ್ಲದರ ತಳದಲ್ಲಿ, ಟವೆಲಿನಲ್ಲಿ ಸುತ್ತಿ ಅಡಗಿಸಿಟ್ಟಿದ್ದ ಮೊಣಕಾಲಿನ ಕರೀ ಪಟ್ಟಿ. ಮತೀನ ಅದನ್ನು ಎರಡು ಬೆರಳಿನಲ್ಲಿ ಎತ್ತಿ ಹಿಡಿದ. ಫಾರ್ಮಿನಲ್ಲಿ ಏನೂ ತ್ರಾಸಿಲ್ಲ ಎಂದು ಬರೆದು ಸಹಿ ಮಾಡಿದ್ದೀರಲ್ಲ ಎಂದು ಕೇಳಿದ. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಯಾಕೂಬಸಾಬನಿಗೆ ಹಗುರಾಗುತ್ತಿತ್ತು. ಬಾಗಲಕೋಟೆಯಿಂದ ಬಂದಿದ್ದ ಹಲ್ಲಿನ ಡಾಕ್ಟರು ಶೀಲಾ ಮುಖ ಆಚೆ ತಿರುಗಿಸಿ ಬೂಟಿನ ಲಾಡಿ ಕಟ್ಟಿಕೊಳ್ಳತೊಡಗಿದಳು. ಆಕೆಯ ಗಂಡ ಶಿವಪ್ರಕಾಶ ಮಾತ್ರ ನೋಡುತ್ತಲೇ ಇದ್ದ, ಚಡ್ಡಿಯ ಕಡೆ.

ಒಂದು ಸುಳ್ಳು ಬರೆದಿದ್ದ, ಹೌದು. ಮೂವತ್ತೊಂದು ವರ್ಷ ಕಂಡಕ್ಟರಕಿ ಮಾಡಿ ಒಂದು ಸುಳ್ಳು ಟಿಕೆಟ್ ಹರಿಯದವನು ಆ ಫಾರ್ಮಿನಲ್ಲಿ ‘ಇಲ್ಲ’ ಎಂದು ಸರಾಗವಾಗಿ ಬರೆದಿದ್ದ. ನಡಿಗೆಗೆ ನಾನೂ ಬರುತ್ತೇನೆಂದು ಹಟ ಹಿಡಿದವನು ಯಾಕೂಬಸಾಬನೇ. ಲಾಡಬಿ ಮಗ್ಗದ ಮುಂದಿನಿಂದ ಏಳದೆ, ಲಾಳಿ ಎಸೆಯುವುದನ್ನೂ ನಿಲ್ಲಿಸದೆ, ನಿಮಗೇನು ಹುಚ್ಚೇ ಎಂದು ಕೇಳಿದ್ದಳು. ಅರವತ್ತೊಂದರ ವಯಸ್ಸಿಗೆ ಗುಡ್ಡ ಹತ್ತುವ ಖಯಾಲಿ ಎಲ್ಲಿಂದ ಬಂತೆಂದು ಅವನು ಅವಳಿಗೆ ಹೇಳಿರಲಿಲ್ಲ, ಸರಿಯಾಗಿ ತನಗೂ ಹೇಳಿಕೊಂಡಿರಲಿಲ್ಲ. ಮಗನ ಜೊತೆ ನಾಲ್ಕು ದಿನ. ಗುಳೇದಗುಡ್ಡದ ಆ ಮನೆಯಲ್ಲಿ ಒಂದೇ ಸೂರಿನ ಕೆಳಗೆ ಇದ್ದೂ, ಒಂದೇ ತಾಟಿನಿಂದ ಉಂಡೂ, ಅವರಿಬ್ಬರೇ ಇದ್ದ ಒಂದು ತಾಸು ಅವನಿಗೆ ನೆನಪಿಗೆ ಬರುತ್ತಿರಲಿಲ್ಲ. ಬೆಟ್ಟದ ಮೇಲೆ ಎಲ್ಲಾದರೂ ಒಂದು ಕಡೆ ಕೂತಾಗ ಮಗನಿಗೆ ಹೇಳಬೇಕಾಗಿದ್ದ ಆ ಮಾತು ತಾನಾಗಿಯೇ ಬರುತ್ತದೆ ಎಂದುಕೊಂಡಿದ್ದ. ನಿನ್ನೆ ಬರಲಿಲ್ಲ. ನಿನ್ನೆ ಇಡೀ ದಿನ ಮತೀನ ಸಾಲಿನ ಮುಂದಿದ್ದ. ಯಾಕೂಬಸಾಬ ಅವನ ಬೆನ್ನನ್ನು, ಬೆನ್ನಿನ ಮೇಲಿನ ನೀಲಿ ಚೀಲವನ್ನು, ಚೀಲಕ್ಕೆ ಜೋತುಬಿದ್ದ ಸ್ಟೀಲಿನ ಲೋಟವನ್ನು ನೋಡುತ್ತ ನಡೆದಿದ್ದ.

ಇವತ್ತು ಏರು ಶುರುವಾದಾಗ ಮತೀನ ತಂದೆಯನ್ನು ತನ್ನ ಹಿಂದೆಯೇ, ಎಲ್ಲರಿಗಿಂತ ಮುಂದೆ ನಿಲ್ಲಿಸಿದ. ನಿಧಾನದವರು ಮುಂದಿದ್ದರೆ ಸಾಲು ಒಡೆಯುವುದಿಲ್ಲ ಎಂದು ಎಲ್ಲರಿಗೂ ಕೇಳುವಂತೆ ವಿವರಿಸಿದ. ಕೆಂಪು ಮರಳುಗಲ್ಲಿನ ಮೆಟ್ಟಿಲಿನಂಥ ಪದರುಗಳ ನಡುವೆ ಕವಳಿ ಗಿಡದ ಮುಳ್ಳು ಪಾಯಜಾಮಕ್ಕೆ ಸಿಕ್ಕುತ್ತಿತ್ತು. ಸೂರ್ಯ ಇನ್ನೂ ಮೊಳದಷ್ಟು ಏರಿರಲಿಲ್ಲ, ಆಗಲೇ ಬೆನ್ನು ಒದ್ದೆಯಾಗಿತ್ತು. ಹಿಂದೆ ಏಳು ಜನರ ಉಸಿರು. ಅವನು ನಿಂತರೆ ಏಳೂ ಜನ ನಿಲ್ಲುತ್ತಿದ್ದರು, ಯಾರೂ ಏನೂ ಅನ್ನುತ್ತಿರಲಿಲ್ಲ, ಬೂಟು ಕಲ್ಲಿಗೆ ಸವರುವ ಸಪ್ಪಳ ಮಾತ್ರ. ಬಸ್ಸಿನ ಬಾಗಿಲಲ್ಲಿ ಯಾವುದೋ ಮುದುಕಿ ಗಂಟು ಹಿಡಿದು ಒಂದೊಂದೇ ಮೆಟ್ಟಿಲು ಇಳಿಯುವಾಗ, ಒಳಗೆ ನಿಂತ ಐವತ್ತು ಜನ ಹೀಗೆಯೇ ಸುಮ್ಮನಿರುತ್ತಿದ್ದರು. ಆ ಸುಮ್ಮನಿರುವಿಕೆಯನ್ನು ಅವನು ಆಗ ಕೇಳಿಯೇ ಇರಲಿಲ್ಲ. ಕಡೆಗೆ ಶಿವಪ್ರಕಾಶ, ಬಿಸಿಲೇರುವುದರೊಳಗೆ ಮೇಲೆ ಮುಟ್ಟಬಹುದೇ ಎಂದು ಗಾಳಿಯನ್ನು ಕೇಳುವವನಂತೆ ಕೇಳಿದ. ಮತೀನ ಸೀಟಿ ಊದಿ ಸಾಲು ನಿಲ್ಲಿಸಿದ. ಹಿಂದಕ್ಕೆ ಹೋಗಿರಿ, ಅಮಾತೆಪ್ಪನ ಜೊತೆ ಬನ್ನಿರಿ ಎಂದು ತಂದೆಗೆ ಹೇಳಿದ. ದಾರಿ ಸಣ್ಣದು. ಏಳು ಜನರೂ ಒಬ್ಬೊಬ್ಬರಾಗಿ ಅವನನ್ನು ದಾಟಿ ಹೋಗಬೇಕಾಯಿತು, ಅವನು ಬಂಡೆಗೆ ಬೆನ್ನು ಹಚ್ಚಿ, ಹೊಟ್ಟೆ ಒಳಗೆಳೆದುಕೊಂಡು ನಿಂತ. ದಾಟುವಾಗ ಪ್ರತಿಯೊಬ್ಬರೂ ಏನಾದರೊಂದು ಒಳ್ಳೆಯ ಮಾತು ಹೇಳಿ ಹೋದರು.

ಅಮಾತೆಪ್ಪ ನಡಿಗೆಯವರ ನೀರು, ಪಾತ್ರೆ ಹೊತ್ತು ಎಲ್ಲರಿಗಿಂತ ಹಿಂದೆ ಬರುವವನು. ಐವತ್ತರ ಆಸುಪಾಸು, ಈ ಗುಡ್ಡದಲ್ಲೇ ಕುರಿ ಮೇಯಿಸಿ ಬೆಳೆದವನು, ಕಾಲಲ್ಲಿ ಟಾಯರಿನ ಚಪ್ಪಲಿ. ಅವನು ಯಾಕೂಬಸಾಬನ ಹಿಂದೆ ಸರಿಯಾಗಿ ಮೂರು ಹೆಜ್ಜೆ ದೂರದಲ್ಲಿ ಬರುತ್ತಿದ್ದ. ಯಾಕೂಬಸಾಬ ನಿಂತರೆ ನಿಲ್ಲುತ್ತಿದ್ದ, ಆಚೆ ಎಲ್ಲೋ ಹಕ್ಕಿ ನೋಡುವವನಂತೆ ಮುಖ ತಿರುಗಿಸುತ್ತಿದ್ದ. ನೀನು ಮುಂದೆ ಹೋಗು ಎಂದರೆ ಹೋಗುತ್ತಿರಲಿಲ್ಲ. ಮೂತ್ರಕ್ಕೆ ಎಂದು ಬಂಡೆಯ ಮರೆಗೆ ಮೂರನೆಯ ಸಲ ಹೋದಾಗ, ಎಷ್ಟು ಹೊತ್ತು ಕೂತರೂ ಹನಿ ಬರದೆ, ಆಚೆ ಕಡೆ ಆ ಮನುಷ್ಯ ತಾಳ್ಮೆಯಿಂದ ಕಾಯುತ್ತಿರುವುದನ್ನು ಕಿವಿಯಲ್ಲೇ ಕೇಳುತ್ತ ಯಾಕೂಬಸಾಬನಿಗೆ ಅಳು ಬಂದಂತಾಯಿತು. ಅಳಲಿಲ್ಲ. ಎದ್ದು ಪಾಯಜಾಮದ ಲಾಡಿ ಕಟ್ಟಿಕೊಂಡು ಬಂದು, ನಿನಗೆ ಬೇರೆ ಕೆಲಸ ಇಲ್ಲವೇನು, ಹೆಣ ಕಾಯುವವನ ಹಾಗೆ ಯಾಕೆ ನಿಲ್ಲುತ್ತೀ ಎಂದು ಅಮಾತೆಪ್ಪನನ್ನು ಬೈದ. ಬೈದ ಮೇಲೆ ಎದೆ ಸ್ವಲ್ಪ ಸಡಿಲಾಯಿತು. ಅಮಾತೆಪ್ಪ ತಲೆ ತಗ್ಗಿಸಿದ, ಮತ್ತೆ ಮೂರು ಹೆಜ್ಜೆ ಹಿಂದೆಯೇ ಬಂದ.

ಮೊಣಕಾಲಿನೊಳಗೆ ಏನೋ ಒಂದು ಪ್ರತಿ ಹೆಜ್ಜೆಗೂ ಜಾರಿ ಮತ್ತೆ ಕೂಡುತ್ತಿತ್ತು. ಪಟ್ಟಿಯನ್ನು ಮತೀನ ಶಾಲೆಯ ಕೋಣೆಯಲ್ಲೇ ಬಿಟ್ಟುಬರಲು ಹೇಳಿದ್ದ. ಅದನ್ನು ಕಟ್ಟಿಕೊಂಡು ನಡೆದರೆ ಇಳಿಜಾರಿನಲ್ಲಿ ಕಾಲು ಮಡಚದೆ ಬೀಳುತ್ತೀರಿ ಎಂದಿದ್ದ. ಖರೆಯೂ ಇರಬಹುದು. ಅವನು ಹೇಳುವುದೆಲ್ಲ ಖರೆಯೇ ಇರುತ್ತದೆ, ಅದೇ ತೊಂದರೆ. ಡಿಪೋದಲ್ಲಿ ತನ್ನ ಬಗ್ಗೆಯೂ ಮಂದಿ ಇದನ್ನೇ ಹೇಳುತ್ತಿದ್ದರು. ಒಂದೂವರೆ ವರ್ಷದ ಹಿಂದೆ ನಿವೃತ್ತಿಯ ದಿನ, ಶಾಲು ಹೊದಿಸಿ, ಫಳಫಳಿಸುವ ಗಡಿಯಾರ ಕೊಟ್ಟು, ಎರಡು ಮಾತಾಡಿರಿ ಎಂದಾಗ ಅವನು ಆ ಬಸ್ಸಿನ ಕಥೆಯನ್ನೇ ಹೇಳಿದ್ದ. ಎಲ್ಲರಿಗೂ ಗೊತ್ತಿದ್ದ ಕಥೆ. ಮದುವೆಗಳಲ್ಲಿ, ಯೂನಿಯನ್ನಿನ ಊಟಗಳಲ್ಲಿ, ಹೊಸ ಕಂಡಕ್ಟರುಗಳ ತರಬೇತಿಯಲ್ಲಿ ಇಪ್ಪತ್ತೆರಡು ವರ್ಷ ಹೇಳಿ ಹೇಳಿ ಎಲ್ಲಿ ನಿಲ್ಲಬೇಕು, ಎಲ್ಲಿ ದನಿ ಇಳಿಸಬೇಕು ಎಂಬುದು ನಾಲಿಗೆಗೇ ಗೊತ್ತಿತ್ತು. ಅಂದು ಮಂದಿ ನಕ್ಕು ಚಪ್ಪಾಳೆ ತಟ್ಟುವಾಗ ಮೂರನೆಯ ಸಾಲಿನಲ್ಲಿ ಮತೀನನೂ ಚಪ್ಪಾಳೆ ತಟ್ಟುತ್ತಿದ್ದುದು ಕಣ್ಣಿಗೆ ಬಿತ್ತು. ಎಲ್ಲರೂ ನಿಲ್ಲಿಸಿದ ಮೇಲೂ ಅವನು ಇನ್ನೂ ಎರಡು ಸಲ ತಟ್ಟಿದ. ಆ ಎರಡು ಏಟು ಯಾಕೂಬಸಾಬನ ಒಳಗೆ ಹೋಗಿ ಕೂತವು, ಹೊರಗೆ ಬರಲಿಲ್ಲ.

ಮಧ್ಯಾಹ್ನ ಗುಡ್ಡದ ನೆತ್ತಿಯ ಹಾಸುಬಂಡೆಯ ಮೇಲೆ, ಒಂದೇ ಒಂದು ಆಲದ ಗಿಡದ ನೆರಳಿನಲ್ಲಿ ಬುತ್ತಿ ಬಿಚ್ಚಿದರು. ಯಾಕೂಬಸಾಬ ಮುಟ್ಟುವ ಹೊತ್ತಿಗೆ ಉಳಿದವರ ಊಟ ಅರ್ಧವಾಗಿತ್ತು. ಅವನು ಬಂದದ್ದಕ್ಕೆ ಯಾರೋ ಚಪ್ಪಾಳೆ ತಟ್ಟಿದರು. ಲಾಡಬಿಯ ರೊಟ್ಟಿಯ ಗಂಟನ್ನು ಮತೀನ ಭಾರವೆಂದು ಬೆಳಿಗ್ಗೆಯೇ ಎಲ್ಲರಿಗೂ ಹಂಚಿಬಿಟ್ಟಿದ್ದ. ಈಗ ಅವರವರ ಚೀಲದಿಂದ ತೆಗೆದು ತಿನ್ನುತ್ತ, ಭಾಳ ರುಚಿ ಇದೆ ಎಂದು ಅವನಿಗೇ ಹೇಳುತ್ತಿದ್ದರು. ಶೀಲಾ ತನ್ನ ಪಾಲಿನ ಎರಡು ರೊಟ್ಟಿಯನ್ನು ಅವನ ಮುಂದಿಟ್ಟು, ಮೊಸರು ಹಾಕಿ, ಅವನ ಕೆಲಸದ ಬಗ್ಗೆ ಕೇಳಿದಳು. ಕಂಡಕ್ಟರ ಎಂದ ಕೂಡಲೆ ಶಿವಪ್ರಕಾಶ, ಏನಾದರೂ ಮಜಾ ಇರುವ ಪ್ರಸಂಗ ಹೇಳಿರಲ್ಲ ಎಂದ. ಹೇಳಬಾರದೆಂದು ಯಾಕೂಬಸಾಬ ನಿಶ್ಚಯಿಸಿದ. ನಾಲಿಗೆ ಒಣಗಿತ್ತು, ಮೊಣಕಾಲು ಹೊಡೆದುಕೊಳ್ಳುತ್ತಿತ್ತು, ಬೆಳಗಿನಿಂದ ಏಳು ಜನರ ಕರುಣೆಯ ಕೆಳಗೆ ಅವನು ಗೇಣುದ್ದ ಆಗಿದ್ದ. ಒಂದು ಸಲ, ಒಂದೇ ಒಂದು ಸಲ, ಇವರು ತನ್ನನ್ನು ಬೇರೆ ತರಹ ನೋಡಲಿ ಎನ್ನಿಸಿತು. ಅಷ್ಟರಲ್ಲಿ ಕಥೆ ತಾನೇ ಶುರುವಾಗಿಬಿಟ್ಟಿತ್ತು.

ಬಾಗಲಕೋಟೆಯಿಂದ ಗುಳೇದಗುಡ್ಡಕ್ಕೆ ಸಂಜೆಯ ಬಸ್ಸು. ಶಿರೂರು ಹತ್ತಿರ ಬರುವಾಗ ಒಬ್ಬ ಹೆಣ್ಣುಮಗಳ ಪಾಸು ನೋಡಿದರೆ ಅವಧಿ ಮುಗಿದಿದೆ. ಇಳಿಸಿದೆ. ಆಕೆ ಕೆಳಗೆ ನಿಂತು, ನಿನ್ನ ಹೊಟ್ಟೆಯಲ್ಲಿ ಹುಟ್ಟಿದ್ದನ್ನು ಹೀಗೆ ಇಳಿಸುತ್ತೀಯೇನು ಎಂದು ಕೇಳಿದಳು. ಇಡೀ ಬಸ್ಸು ಕೇಳಿತು. ರೈಟ್ ಹೇಳಿದೆ. ಟಿಕೆಟು ಹರಿಯುತ್ತ ಕೊನೆಯ ಸೀಟಿಗೆ ಹೋದರೆ ಅಲ್ಲಿ ಕೂತವನು ಯಾರು, ನನ್ನ ಮಗ, ಏಳನೆಯ ಕ್ಲಾಸು, ಬಾಗಲಕೋಟೆಯ ಸಾಲಿಗೆ ಹೋಗುವವನು. ಪಾಸು ಕೊಡು ಎಂದೆ. ಮನೆಯಲ್ಲಿ ಮರೆತಿದ್ದಾನೆ. ಇಲ್ಲಿ ಯಾಕೂಬಸಾಬ ಎಂದಿನಂತೆ ತಡೆದ, ಎಲ್ಲರ ಮುಖ ನೋಡಿದ. ಹಗ್ಗ ಜಗ್ಗಿ ಗಂಟೆ ಹೊಡೆದೆ, ಗುಡ್ಡದ ತಿರುವಿನಲ್ಲಿ ಇಳಿಸಿದೆ, ಒಂಬತ್ತನೆಯ ಕಿಲೋಮೀಟರ್ ಕಲ್ಲು, ಹಿಂದೆ ಬರುವ ಬಸ್ಸಿನವನಿಗೆ ಇವನನ್ನು ಹತ್ತಿಸಿಕೊಂಡು ಬಾ ಎಂದು ಹೇಳಿ ಕಳಿಸಿದ್ದೆ ಅನ್ನಿರಿ. ಮನೆಗೆ ಹೋದರೆ ಇವನ ತಾಯಿ ತಾಟು ಕೊಡಲಿಲ್ಲ, ಮೊದಲು ಟಿಕೆಟ್ ತೋರಿಸಿರಿ, ಆಮೇಲೆ ಊಟ ಎಂದಳು. ಮಂದಿ ನಕ್ಕರು. ಶಿವಪ್ರಕಾಶ ಬಂಡೆ ಬಡಿದು ನಕ್ಕ, ಅವನ ಕಣ್ಣಿನಲ್ಲಿ ಬೆಳಗಿನಿಂದ ಇರದಿದ್ದ ಒಂದು ಗೌರವ ಬಂತು. ಇಂಥವರು ಈಗ ಎಲ್ಲಿದ್ದಾರೆ ಎಂದು ಹೆಂಡತಿಯ ಕಡೆ ತಿರುಗಿ ಹೇಳಿದ. ಶೀಲಾ ನಗಲಿಲ್ಲ. ಸೌತೆಕಾಯಿ ಹೆಚ್ಚುತ್ತ ಕೂತಿದ್ದ ಮತೀನನನ್ನು ನೋಡಿ, ಆ ಹುಡುಗ ನೀವೇ ಏನು ಎಂದು ಕೇಳಿದಳು. ಮತೀನ ಚಾಕು ಒರೆಸಿಕೊಂಡ.

“ನಾನ ರೀ. ಅವರು ಹೇಳಿದ್ದೆಲ್ಲಾ ಖರೆ ಐತಿ” ಎಂದ.

ಖರೆ ಇರಲಿಲ್ಲ. ಹಿಂದೆ ಬರುವ ಬಸ್ಸೇ ಇರಲಿಲ್ಲ, ತನ್ನದೇ ಕೊನೆಯ ಬಸ್ಸು. ಆ ಮಾತು ಕಥೆಯೊಳಗೆ ಯಾವಾಗ ಸೇರಿಕೊಂಡಿತೋ, ಬಹುಶಃ ಯಾವುದೋ ಮದುವೆಯಲ್ಲಿ ಯಾರದೋ ಹೆಂಡತಿ ಅಯ್ಯೋ ಎಂದಾಗ ಸೇರಿಸಿರಬೇಕು. ಮತ್ತು ಯಾರಿಗೂ ಹೇಳದ ಇನ್ನೊಂದಿತ್ತು. ಬಾಗಲಕೋಟೆಯ ಸ್ಟ್ಯಾಂಡಿನಲ್ಲೇ ಹುಡುಗ ಹತ್ತಿದ್ದನ್ನು ಅವನು ನೋಡಿದ್ದ. ಅಂದು ಆ ಮಾರ್ಗದ ಪಾಳಿ ಬೇರೆಯವನದು, ಅವನು ರಜೆ ಹಾಕಿದ್ದರಿಂದ ತಾನು ಬಂದದ್ದು. ಬಾಗಿಲಲ್ಲಿ ತಂದೆಯನ್ನು ಕಂಡ ಹುಡುಗನ ಮುಖ ಅರಳಿತ್ತು. ಪಕ್ಕದ ಗೆಳೆಯನಿಗೆ ಮೊಣಕೈ ತಿವಿದು, ನಮ್ಮ ಅಬ್ಬಾ ಎಂದಿದ್ದ. ಅಲ್ಲಿಂದ ಶಿರೂರಿನವರೆಗೂ ಯಾಕೂಬಸಾಬ ಆ ಕೊನೆಯ ಸೀಟಿನ ಕಡೆ ಹೋಗುವುದನ್ನು ಮುಂದೆ ಹಾಕುತ್ತಲೇ ಬಂದಿದ್ದ, ಇವನ ಹತ್ತಿರ ಪಾಸು ಇರಲಿ, ಇರಲಿ ಎಂದುಕೊಳ್ಳುತ್ತ. ಆ ಹೆಣ್ಣುಮಗಳು ಕೂಗಿ ಹೇಳಿದ ಮೇಲೆ, ಬಸ್ಸಿನ ಕಣ್ಣೆಲ್ಲ ತನ್ನ ಮೇಲೆ ಬಿದ್ದ ಮೇಲೆ, ಹುಡುಗ ಕಿಸೆಯಲ್ಲಿ ಕೈಹಾಕಿ ಹುಡುಕಿ ಬರಿಗೈ ತೆಗೆದಾಗ ತನಗಾದದ್ದು ದುಃಖವಲ್ಲ. ಸಂತೋಷ. ಅವಕಾಶ ಸಿಕ್ಕವನ ಸಂತೋಷ. ಬೇಕಾಗಿದ್ದರೆ ತನ್ನ ಕಿಸೆಯಿಂದಲೇ ಒಂದು ಟಿಕೆಟು ಹರಿದುಕೊಡಬಹುದಿತ್ತು, ಕಾಯದೆಯಲ್ಲಿ ಅದಕ್ಕೆ ಅಡ್ಡಿಯಿರಲಿಲ್ಲ. ಹಾಗೆ ಮಾಡಿದ್ದರೆ ಕಥೆಯಾಗುತ್ತಿರಲಿಲ್ಲ.

ಊಟವಾದ ಮೇಲೆ ಇಳಿಜಾರು. ಬಿಸಿಲು ಬಂಡೆಯಿಂದ ಎದ್ದು ಮುಖಕ್ಕೆ ಹೊಡೆಯುತ್ತಿತ್ತು. ಕೆಳಗೆ ದೂರದಲ್ಲಿ ಮಲಪ್ರಭೆಯ ಸಣ್ಣ ಹೊಳಪು, ಕಟಾವಾದ ಜೋಳದ ಹೊಲ, ಯಾವುದೋ ರಸ್ತೆಯ ಮೇಲೆ ಕಡ್ಡಿಪೆಟ್ಟಿಗೆಯಷ್ಟು ಬಸ್ಸು. ಎರಡು ಬಂಡೆಗಳ ನಡುವೆ ಮಳೆನೀರು ಕೊರೆದ ಕಡಿದಾದ ಇಕ್ಕಟ್ಟಿತ್ತು, ಹತ್ತಾಳು ಆಳ. ಉಳಿದವರು ಮುಖ ಒಳಗೆ ಮಾಡಿ ಕಾಲೂರಿ ಕಾಲೂರಿ ಇಳಿದರು. ಯಾಕೂಬಸಾಬನ ಸರದಿ ಬಂದಾಗ ಬಲಗಾಲು ಮಡಚಲಿಲ್ಲ. ಎರಡು ಸಲ ಪ್ರಯತ್ನಿಸಿದ. ಮೂರನೆಯ ಸಲ ಮೊಣಕಾಲು ಕಟ್ ಎಂದು ಕಣ್ಣಿಗೆ ಕತ್ತಲೆ ಬಂತು. ಕೆಳಗೆ ನಿಂತ ಮತೀನ, ಕುಂಡೆಯ ಮೇಲೆ ಕೂತು ಜಾರಿ ಬನ್ನಿರಿ ಎಂದು ಕೂಗಿದ. ಎಲ್ಲರೂ ತಲೆಯೆತ್ತಿ ನೋಡುತ್ತಿದ್ದರು. ಅಮಾತೆಪ್ಪ ಹಿಂದಿನಿಂದ, ನನ್ನ ಬೆನ್ನು ಹತ್ತಿರಿ, ಹೊತ್ತು ಇಳಿಸುತ್ತೇನೆ ಎಂದ. ಅದನ್ನೂ ಎಲ್ಲರೂ ಕೇಳಿದರು. ಬೇಡ ಬಿಡು, ಅವರೇ ಬರುತ್ತಾರೆ ಎಂದು ಮತೀನ ಕೆಳಗಿನಿಂದ ಹೇಳಿದ. ಯಾಕೂಬಸಾಬ ಕೂತ, ಅಂಗೈ ಎರಡೂ ಬಂಡೆಗೆ ಒತ್ತಿ, ಬಾಣಂತಿಯ ಹಾಗೆ ಕಾಲು ಅಗಲ ಮಾಡಿ, ಒಂದೊಂದೇ ಗೇಣು ಜಾರಿದ. ನಡುವಿನಲ್ಲಿ ಪಾಯಜಾಮ ಹರಿದ ಸಪ್ಪಳ ಎಲ್ಲರಿಗೂ ಕೇಳಿಸಿತು. ಕೆಳಗೆ ಮುಟ್ಟಿದಾಗ ಶಿವಪ್ರಕಾಶ ಮೊಬೈಲು ಕಿಸೆಗೆ ಇಳಿಸಿಕೊಳ್ಳುತ್ತಿದ್ದ. ಅವನ ಮುಖ ಆಲದ ಗಿಡದ ಕೆಳಗಿನ ಗೌರವವನ್ನು ಆಗಲೇ ಮರೆತಿತ್ತು. ಶೀಲಾ ತನ್ನ ಟವೆಲು ಕೊಟ್ಟಳು, ಸೊಂಟಕ್ಕೆ ಸುತ್ತಿಕೊಳ್ಳಿ ಎಂದು ಮೆಲ್ಲನೆ ಹೇಳಿದಳು. ಹಳದಿ ಹೂವಿನ ಟವೆಲು. ಸುತ್ತಿಕೊಂಡ.

ಆಗ ಮತೀನ ಅಮಾತೆಪ್ಪನನ್ನು ಮುಂದೆ ಕರೆದು, ಎಲ್ಲರನ್ನೂ ಕೆಳಗಿನ ಲಂಬಾಣಿ ತಾಂಡಾದ ಹತ್ತಿರ ಕರೆದುಕೊಂಡು ಹೋಗು, ಚಹಾ ಇಡಿಸು ಎಂದು ಹೇಳಿ ಕಳಿಸಿದ. ತಾನು ಉಳಿದ. ಮಂದಿಯ ಸಪ್ಪಳ ಇಳಿದು ಇಳಿದು ಸಣ್ಣದಾಗಿ ಆಡಿನ ಗಂಟೆಯ ಸದ್ದಿನಲ್ಲಿ ಸೇರಿಹೋಯಿತು. ಮತೀನ ತಂದೆಯಿಂದ ಎರಡು ಮಾರು ದೂರದ ಕಲ್ಲಿನ ಮೇಲೆ ಕೂತು ಬಾಟಲಿ ಚಾಚಿದ. ಯಾಕೂಬಸಾಬ ಕುಡಿದ. ನಿನ್ನೆಯಿಂದ, ಅಲ್ಲ, ಒಂದೂವರೆ ವರ್ಷದಿಂದ, ಕಾದ ಗಳಿಗೆ ಇದೇ. ಸೊಂಟಕ್ಕೆ ಹೂವಿನ ಟವೆಲು ಸುತ್ತಿಕೊಂಡು ಕೂತಾಗ ಬಂದಿತ್ತು. ಅವನು ಉರ್ದುವಿನಲ್ಲಿ ಶುರುಮಾಡಿದ, ಮನೆಯ ಮಾತಿನಲ್ಲಿ. ಆ ದಿನ ನಿನ್ನನ್ನು ಇಳಿಸಿದ್ದು ತಪ್ಪು ಎಂದ. ಹಿಂದೆ ಬಸ್ಸಿರಲಿಲ್ಲ ಎಂದ. ಟಿಕೆಟು ನಾನೇ ಹರಿಯಬಹುದಿತ್ತು, ಹರಿಯಲಿಲ್ಲ, ಮಂದಿ ನೋಡಲಿ ಎಂದು ಇಳಿಸಿದೆ, ಇಪ್ಪತ್ತನಾಲ್ಕು ವರ್ಷ ಅದನ್ನೇ ಹೇಳಿಕೊಂಡು ತಿರುಗಿದೆ, ಇವತ್ತೂ ಹೇಳಿದೆ. ಹೇಳುತ್ತ ಹೇಳುತ್ತ ದನಿ ತಾನಾಗಿ ಇಳಿಯಿತು. ಅದು ಇಳಿದದ್ದಕ್ಕೆ ಒಳಗೆ ಎಲ್ಲೋ ಸಮಾಧಾನವೂ ಆಯಿತು, ಹೀಗೆಯೇ ಆಗಬೇಕಿತ್ತು ಎನ್ನುವ ಹಾಗೆ. ಮಗ ಕೈ ಹಿಡಿಯಬಹುದು. ಹಿಡಿಯದಿದ್ದರೂ ಅಳಬಹುದು. ಬೈಯಬಹುದು.

ಮತೀನ ಬೂಟಿನೊಳಗಿನ ಹರಳು ಕೊಡವುತ್ತಿದ್ದ.

“ಅದಕ್ಕ ನನಗ ಸಿಟ್ಟಿಲ್ರಿ” ಎಂದ, ಕನ್ನಡದಲ್ಲೇ. “ಇಳಿಸಿದ್ದು ಇಳಿಸಿದ್ರಿ. ನಾ ಪಾಸ್ ಮರತಿದ್ದೆ. ಅವತ್ತ ನನಗ ಖರೆ ಅಂದ್ರ ಭಾಳ ಖುಷಿ ಆಗಿತ್ತು.”

ಯಾಕೂಬಸಾಬನಿಗೆ ತಿಳಿಯಲಿಲ್ಲ. ಮತೀನ ಇನ್ನೊಂದು ಬೂಟನ್ನೂ ಬಿಚ್ಚಿದ. ಬೇರೆ ಯಾರದೋ ಸಂಗತಿ ಹೇಳುವವನಂತೆ, ದಾರಿ ವಿವರಿಸುವಾಗಿನ ಅದೇ ದನಿಯಲ್ಲಿ ಹೇಳಿದ. ಅಷ್ಟು ದೂರ ತಾನು ಒಬ್ಬನೇ ಹಿಂದೆ ಎಂದೂ ನಡೆದಿರಲಿಲ್ಲ. ಒಂದೊಂದು ಕಲ್ಲು ದಾಟುವಾಗಲೂ ಅದನ್ನು ಕೈಯಿಂದ ಮುಟ್ಟಿ ಮುಂದೆ ಹೋಗಿದ್ದ. ಒಂಬತ್ತು ಕಲ್ಲು. ಮನೆಗೆ ಮುಟ್ಟಿ, ಅಮ್ಮಿ ಕಾಲಿಗೆ ಎಣ್ಣೆ ಹಚ್ಚುವಾಗಲೂ ಅಳದೆ, ಅಬ್ಬಾ ಬರಲಿ, ಹೇಳಬೇಕು ಎಂದು ಕಾದಿದ್ದ.

“ನೀವು ಡ್ಯೂಟಿ ಮುಗಿಸಿ ಬಂದ್ರಿ. ನಾ ಓಡಿ ಬಂದು, ನಡಕೊಂತ ಬಂದೆ ಅಬ್ಬಾ, ಪೂರ್ತಿ ನಡಕೊಂತ ಬಂದೆ ಅಂದೆ. ನೀವು ಗಡಿಯಾರ ನೋಡಿದ್ರಿ. ಸುಳ್ಳ ಹೇಳಬ್ಯಾಡ, ಯಾರ ಗಾಡಿ ಹತ್ತಿದ್ದಿ ಹೇಳು ಅಂದ್ರಿ. ಇಲ್ಲಂದೆ. ಚರ್ಮದ ಚೀಲದ ಪಟ್ಟಾ ಬಿಚ್ಚಿ ಹೊಡದ್ರಿ. ಅಮ್ಮಿ ನಡುವ ಬಂದ್ಲು, ಆಕಿಗೂ ಬಿತ್ತು. ಎಷ್ಟ ಹೊತ್ತು ಅಂತ ನೆನಪಿಲ್ಲ. ಕಡೀಕ ಟ್ರ್ಯಾಕ್ಟರ್ ಮ್ಯಾಲ ಬಂದೆ ಅಂತ ಸುಳ್ಳ ಹೇಳಿದೆ. ಆಗ ಬಿಟ್ರಿ. ಹಿಂಗ ಖರೆ ಹೇಳಬೇಕು ಅಂತ ಹೇಳಿ ತಲಿ ಮ್ಯಾಲ ಕೈ ಇಟ್ರಿ.”

ಯಾಕೂಬಸಾಬ ನೆನಪು ಮಾಡಿಕೊಳ್ಳಲು ನೋಡಿದ. ಹೊಡೆದದ್ದು ಇರಬಹುದು, ಆ ಕಾಲದಲ್ಲಿ ಹೊಡೆಯುತ್ತಿದ್ದ, ಯಾರು ಹೊಡೆಯುತ್ತಿರಲಿಲ್ಲ. ಆದರೆ ಆ ಸಂಜೆಯ ಕೋಣೆ, ಮಗ್ಗದ ಮೇಲೆ ಅರ್ಧ ನೇಯ್ದ ಖಣ, ಲಾಡಬಿಯ ತಾಟಿನ ಮಾತು, ಎಲ್ಲವೂ ಇದ್ದವು, ಪಟ್ಟಾ ಇರಲಿಲ್ಲ. ಟ್ರ್ಯಾಕ್ಟರು ಇರಲಿಲ್ಲ. ಒಂದು ಮಗುವಿನ ತಲೆಯ ಮೇಲೆ ಇಟ್ಟ ತನ್ನ ಕೈ ಇರಲಿಲ್ಲ. ಹುಡುಕಿದಷ್ಟೂ ಕಥೆಯೇ ಬಂದು ಎದುರು ನಿಲ್ಲುತ್ತಿತ್ತು, ನಗುವ ಮಂದಿಯ ಸಮೇತ. ಅಂದರೆ ಇಷ್ಟು ವರ್ಷ ತಾನು ಹೊತ್ತ ತಪ್ಪು ಯಾರಿಗೂ ಬೇಡವಾದದ್ದು. ಬೇಕಾದದ್ದನ್ನು ಎಲ್ಲೋ ದಾರಿಯಲ್ಲಿ ಕಳೆದುಕೊಂಡು ಬಂದಿದ್ದ. ಈಗ ಹೇಳಬೇಕಾದ ಮಾತು ಒಂದೇ, ಅದು ಅವನಿಗೆ ಗೊತ್ತಿತ್ತು. ನಡೆದುಬಂದೆ ಎಂದು ನೀನು ಹೇಳಿದ್ದು ಖರೆ ಬೇಟಾ. ಅಷ್ಟೇ. ಮೂವತ್ತಾರರ ಮಗ ಒಂದು ಬೂಟು ಕೈಯಲ್ಲಿ ಹಿಡಿದು, ಇನ್ನೊಂದು ಕಾಲು ಬರಿಗಾಲು, ಎರಡು ಮಾರು ದೂರದಲ್ಲಿ ಕೂತು ಅದನ್ನೇ ಕಾಯುತ್ತಿದ್ದ. ಕಾಯುತ್ತಿಲ್ಲ ಎಂದು ತೋರಿಸುತ್ತಿದ್ದ. ಯಾಕೂಬಸಾಬ ಬಾಯಿ ತೆರೆದ. ಉರ್ದುವಿನಿಂದ ಕನ್ನಡಕ್ಕೆ ಯಾವಾಗ ಹೊರಳಿದನೋ ಅವನಿಗೇ ತಿಳಿಯಲಿಲ್ಲ. ಬಂದದ್ದು ಡ್ಯೂಟಿಯ ದನಿ.

“ಮನಿ ಮುಟ್ಟಿದಾಗ ಎಷ್ಟ ಹೊತ್ತಾಗಿತ್ತು?”

ಮತೀನ ಕೈಯಲ್ಲಿದ್ದ ಬೂಟನ್ನು ಕೆಳಗಿಟ್ಟ.

“ಮಗರಿಬ್ ಅಜಾನ್ ಆಗಾಕ ಹತ್ತಿತ್ತು. ಓಣಿಯೊಳಗ ಬಂದಿದ್ದೆ.”

ಮಗರಿಬ್, ಹೊತ್ತು ಮುಳುಗುವಾಗಿನ ನಮಾಜು, ಎಂದರೆ ಆ ದಿನಗಳಲ್ಲಿ ಆರೂ ಇಪ್ಪತ್ತೈದು. ತಿರುವಿನಲ್ಲಿ ಇಳಿಸಿದ್ದು ಐದೂ ಹದಿನೈದು, ಅದು ತಪ್ಪಲು ಸಾಧ್ಯವಿಲ್ಲ. ಎಪ್ಪತ್ತು ನಿಮಿಷ. ಒಂಬತ್ತು ಕಿಲೋಮೀಟರು. ದೊಡ್ಡ ಮನುಷ್ಯ ಬಿರಬಿರನೆ ನಡೆದರೂ ಒಂದೂವರೆ ತಾಸು ಮೇಲೆ ಬೇಕು, ಅದೂ ಗುಡ್ಡದ ಏರಿನಲ್ಲಿ. ಹನ್ನೆರಡು ವರ್ಷದ ಮಗು, ಬೆನ್ನಿಗೆ ಪುಸ್ತಕದ ಚೀಲ, ಕಲ್ಲು ಕಲ್ಲಿಗೂ ನಿಂತು ಮುಟ್ಟಿ. ಬೇಡ ಎಂದು ಯಾಕೂಬಸಾಬ ತನಗೆ ತಾನೇ ಹೇಳಿಕೊಂಡ. ಬೇಡ, ಬೇಡ.

“ಅಷ್ಟರಾಗ ಆಗೂದಿಲ್ಲಲ್ಲೋ” ಎಂದ.

ಮತೀನ ತಂದೆಯನ್ನು ನೋಡಿದ. ನಿನ್ನೆಯಿಂದ ಮೊದಲ ಸಲ ಸರಿಯಾಗಿ ಮುಖ ಎತ್ತಿ, ಕಣ್ಣು ಕೀಲಿಸಿ ನೋಡಿದ. ಆ ಮುಖದಲ್ಲಿ ಒಂದು ಗಳಿಗೆ ಬಸ್ಸಿನ ಕೊನೆಯ ಸೀಟಿನ ಹುಡುಗ ಬಂದುಹೋದಂತೆ ಕಂಡಿತು. ಆಮೇಲೆ ನಡಿಗೆ ಮಾಡಿಸುವ ಮನುಷ್ಯ ಬಂದು ಅಲ್ಲೇ ಉಳಿದ.

“ಇಲ್ರಿ, ನಡದ್ರ ಆಗೂದಿಲ್ಲ” ಎಂದ. “ಕತ್ತಲಾಕ್ಕೈತಿ ಅಂತ ಅಂಜಿಕಿ ಬಂದಿತ್ತು. ಅರ್ಧಕ್ಕರ್ಧ ಓಡಿದ್ದೆ.”

ಅವನು ಬೂಟು ಹಾಕಿಕೊಂಡ, ಎರಡೂ ಲಾಡಿಗಳನ್ನು ಎರಡೆರಡು ಗಂಟು ಬಿಗಿದು, ಎದ್ದು, ಚೀಲ ಬೆನ್ನಿಗೇರಿಸಿದ. ತಂದೆಗೆ ಕೈ ಕೊಡಲಿಲ್ಲ. ಕಾಯಲೂ ಇಲ್ಲ, ಬಿಟ್ಟೂ ಹೋಗಲಿಲ್ಲ; ಕಣ್ಣಿಗೆ ಕಾಣುವಷ್ಟು ಮುಂದೆ ಇಳಿಯುತ್ತ ಹೋದ. ಯಾಕೂಬಸಾಬ ಬಂಡೆ ಹಿಡಿದು ಎದ್ದ. ಒಂದು ಕಾಲು ಎಳೆಯುತ್ತ, ಟವೆಲು ಜಾರಿದಾಗ ನಿಂತು ಬಿಗಿದುಕೊಳ್ಳುತ್ತ ಅವನ ಹಿಂದೆ ಇಳಿದ. ಈಗ ಹಿಂದೆ ಯಾರೂ ಇರಲಿಲ್ಲ, ಮೂರು ಹೆಜ್ಜೆ ದೂರದ ಅಮಾತೆಪ್ಪನೂ ಇರಲಿಲ್ಲ. ಬಿದ್ದರೆ ಸಪ್ಪಳವಾಗಬೇಕು, ಮಗ ತಿರುಗಿ ನೋಡಬೇಕು. ಅಳಬೇಕೆಂದುಕೊಂಡ. ಅಳುವ ಬದಲು ಅವನ ತಲೆ ತನ್ನಷ್ಟಕ್ಕೆ ತಾನು ಕೆಲಸ ನಡೆಸಿತ್ತು. ಅರ್ಧ ಓಟ, ಅರ್ಧ ನಡಿಗೆ. ನಾಲ್ಕೂವರೆ ಕಿಲೋಮೀಟರು ನಡೆದರೆ ಐವತ್ತು ನಿಮಿಷ. ಉಳಿದ ನಾಲ್ಕೂವರೆಗೆ ಇಪ್ಪತ್ತೇ ನಿಮಿಷ, ಅದು ಆಗದು. ಆದರೆ ಕೊನೆಯ ಮೂರು ಕಲ್ಲು ಇಳಿಜಾರು, ಊರಿನ ದೀಪ ಕಾಣುತ್ತವೆ, ಅಲ್ಲಿ ಮಗು ನಡೆಯುವುದಿಲ್ಲ, ಓಡಿಯೇ ಓಡುತ್ತದೆ. ಹೆದರಿದ ಮಗು ನಿಲ್ಲುವುದಿಲ್ಲ. ಅರ್ಧವಲ್ಲ, ಮುಕ್ಕಾಲು ಓಡಿರಬೇಕು; ಅವನಿಗೇ ಮರೆತಿದೆ. ಮುಕ್ಕಾಲು ಓಡಿದರೆ ಅರವತ್ತೆಂಟು, ಅರವತ್ತೊಂಬತ್ತು ನಿಮಿಷ. ಹೊಂದಿತು. ಬಿಸಿಲಿನಲ್ಲಿ ನಿಂತುಬಿಟ್ಟ. ಎದೆಯೊಳಗಿನಿಂದ ಏನೋ ಬಿಚ್ಚಿಕೊಂಡಿತು, ಡ್ಯೂಟಿ ಮುಗಿದು ಚೀಲ ಒಪ್ಪಿಸಿದಾಗ ಭುಜ ಹಗುರಾಗುತ್ತಿದ್ದಂತೆ. ಮಗ ಸುಳ್ಳು ಹೇಳಿರಲಿಲ್ಲ. ಆ ಹಗುರು ಒಂದು ಗಳಿಗೆ ಇತ್ತು, ಆಮೇಲೆ ಅದು ಮಗನ ಮಾತಿನಿಂದಲ್ಲ, ಲೆಕ್ಕದಿಂದ ಬಂತೆಂಬುದು ತಿಳಿದು ಅವನಿಗೆ ತನ್ನ ಮೇಲೆಯೇ ಹೇಸಿಗೆ ಬಂತು. ಆದರೂ ಹೆಜ್ಜೆ ಬೇಗ ಬೇಗ ಹಾಕಿದ. ಇದನ್ನು ಅವನಿಗೆ ಹೇಳಬೇಕು.

ತಾಂಡಾದ ಹೊರಗಿನ ಬೇವಿನ ಗಿಡದ ಕೆಳಗೆ ಎಲ್ಲರೂ ಕೂತಿದ್ದರು. ಮೂರು ಕಲ್ಲಿನ ಒಲೆಯ ಮೇಲೆ ಚಹಾ ಕುದಿಯುತ್ತಿತ್ತು, ಮತೀನ ಲೋಟಗಳಿಗೆ ಬಗ್ಗಿಸುತ್ತಿದ್ದ. ಯಾಕೂಬಸಾಬ ನೆಟ್ಟಗೆ ಅವನ ಹತ್ತಿರ ಹೋಗಿ ನಿಂತ. ಏದುಸಿರಿನಲ್ಲಿ ಮಾತು ತುಂಡು ತುಂಡಾಗಿ ಬಂತು.

“ಆಗ್ತದ ಮತೀನ. ಓಡಿದ್ರ ಆಗ್ತದ.”

ಏನು ಆಗುತ್ತದೆ ಎಂದು ಶಿವಪ್ರಕಾಶ ಕೇಳಿದ. ಮತೀನನ ಕೈಯಲ್ಲಿ ಚಹಾದ ಧಾರೆ ಒಂದಿಷ್ಟೂ ಅಲುಗಲಿಲ್ಲ. ಲೋಟ ಕಂಠಪೂರ್ತಿ ತುಂಬಿದ ಮೇಲೆ ಅದನ್ನು ತಂದೆಗೆ ಕೊಟ್ಟ. ಶೀಲಾ ಎದ್ದು ಬಂದು ಯಾಕೂಬಸಾಬನ ಬಾತ ಮೊಣಕಾಲನ್ನು ನೋಡಿದಳು, ನಾಳೆ ಇವರನ್ನು ಯಾವುದಾದರೂ ಗಾಡಿಯಲ್ಲಿ ಊರಿಗೆ ಕಳಿಸಿಬಿಡಿ, ಈ ಕಾಲಿನಲ್ಲಿ ನಡೆಸುವುದು ಸರಿಯಲ್ಲ ಎಂದಳು. ಮತೀನ ಆಕೆಯ ಮಾತನ್ನು ಪೂರ್ತಿ ಕೇಳಿಸಿಕೊಂಡ.

“ನಡೀತಾರ್ರಿ ಅವರು” ಎಂದ. ಆಮೇಲೆ ತಂದೆಯ ಕಡೆ ತಿರುಗಿದ. “ನಾಳೆ ಹದಿನಾರು ಕಿಲೋಮೀಟರ್ ಐತಿ. ನೀವು ಎಲ್ಲಾರಿಗಿಂತ ಒಂದ ತಾಸು ಮುಂಚೆ ಹೊರಡ್ರಿ.”

ಯಾಕೂಬಸಾಬ ಬಿಸಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಆಗಲಿ ಎಂದು ತಲೆಯಾಡಿಸಿದ.